ಕೊಲೆಸ್ಟ್ರಾಲ್: ಪ್ರಯೋಗಾಲಯದ ವರದಿಯನ್ನು ಓದುವುದು ಹೇಗೆ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದ ನಂತರದ ದಿನಗಳಲ್ಲಿ ರಾಜ್ಯದ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದರು. 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದರಂತೆ ಬಂದಾಗ, ಮೈಸೂರು ಹಾಗೂ ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ಅದೇ ದೃಶ್ಯ ಮರುಕಳಿಸಿತು. ಎರಡೂ ಸಂದರ್ಭಗಳಲ್ಲಿ ಹೀಗೆ ತಪಾಸಣೆಗೆ ಹೋದ ಬಹುತೇಕರು ಕೈಯಲ್ಲಿ ಹಿಡಿದು ಮನೆಗೆ ಬಂದದ್ದು ಒಂದು ಇಸಿಜಿ ಪಟ್ಟಿಯನ್ನು ಮತ್ತು 'ಲಿಪಿಡ್ ಪ್ರೊಫೈಲ್' ಎಂಬ ಶೀರ್ಷಿಕೆಯ ಒಂದು ಹಾಳೆಯನ್ನು. ಆ ಹಾಳೆಯ ಬಲಬದಿಯಲ್ಲಿ ಅಚ್ಚಾಗಿರುವ 'ಸಾಮಾನ್ಯ ಮಿತಿ'ಯೊಳಗೆ ತಮ್ಮ ಅಂಕಿ ಇದ್ದರೆ ನೆಮ್ಮದಿ, ಇಲ್ಲದಿದ್ದರೆ ಗಾಬರಿ. ವಾಸ್ತವವಾಗಿ ಈ ನೆಮ್ಮದಿ, ಗಾಬರಿ ಎರಡೂ ಅನೇಕ ಬಾರಿ ತಪ್ಪು ಜಾಗದಲ್ಲಿ ಬೀಳುತ್ತವೆ. ಏಕೆಂದರೆ ಅಚ್ಚಾದ ಆ ಮಿತಿ ಎಲ್ಲರಿಗೂ ಒಂದೇ. ಅಪಾಯ ಮಾತ್ರ ಎಲ್ಲರಿಗೂ ಒಂದೇ ಅಲ್ಲ.

ದೇಹಕ್ಕೆ ಬೇಕಾದ ವಸ್ತು

ಕೊಲೆಸ್ಟ್ರಾಲ್ ಎಂಬುದು ಮೇಣದಂತಹ, ನೀರಿನಲ್ಲಿ ಕರಗದ ಪದಾರ್ಥ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದನ್ನು ಮೊದಲಿಗೆ ಗುರುತಿಸಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಗ್ರೀಕ್ ಭಾಷೆಯಲ್ಲಿ 'ಕೊಲೆ' ಎಂದರೆ ಪಿತ್ತ, 'ಸ್ಟೀರಿಯೋಸ್' ಎಂದರೆ ಘನವಾದದ್ದು. ಹೆಸರು ಬಂದದ್ದು ಹೀಗೆ. ನಮ್ಮ ಕನ್ನಡದ 'ಕೊಲೆ'ಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಈ ಪದದ ಕುಖ್ಯಾತಿಗೆ ಆ ಧ್ವನಿಸಾಮ್ಯವೂ ಅಷ್ಟಿಷ್ಟು ಕಾರಣವಾಗಿದ್ದೀತು!

ಪ್ರತಿಯೊಂದು ಜೀವಕೋಶದ ಹೊರಪೊರೆ ಗಟ್ಟಿಯಾಗಿಯೂ ಬಾಗುವಂತೆಯೂ ಇರಲು ಕೊಲೆಸ್ಟ್ರಾಲ್ ಅಗತ್ಯ. ಟೆಸ್ಟೋಸ್ಟೆರಾನ್, ಈಸ್ಟ್ರೋಜೆನ್, ಕಾರ್ಟಿಸಾಲ್‌ನಂತಹ ಹಾರ್ಮೋನುಗಳು, ಬಿಸಿಲಿನಿಂದ ಚರ್ಮದಲ್ಲಿ ಉತ್ಪತ್ತಿಯಾಗುವ ಡಿ ಜೀವಸತ್ವ, ಕೊಬ್ಬನ್ನು ಜೀರ್ಣಿಸುವ ಪಿತ್ತರಸ ಇವೆಲ್ಲಕ್ಕೂ ಅದೇ ಮೂಲದ್ರವ್ಯ. ದೇಹದಲ್ಲಿರುವ ಒಟ್ಟು ಕೊಲೆಸ್ಟ್ರಾಲಿನ ಐದನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಮಿದುಳಿನಲ್ಲಿಯೇ ಇದೆ. ಇಷ್ಟು ಮುಖ್ಯವಾದ ವಸ್ತುವನ್ನು ದೇಹ ಊಟದ ತಟ್ಟೆಯ ಮರ್ಜಿಗೆ ಬಿಟ್ಟಿಲ್ಲ. ಬೇಕಾದುದರ ಬಹುಪಾಲನ್ನು ಯಕೃತ್ತು ಮತ್ತು ಇತರ ಅಂಗಾಂಶಗಳು ತಾವೇ ತಯಾರಿಸಿಕೊಳ್ಳುತ್ತವೆ. ಜೀವಮಾನದಲ್ಲಿ ಮೊಟ್ಟೆ, ಮಾಂಸ ಮುಟ್ಟದವರ ರಕ್ತದಲ್ಲಿಯೂ ಕೊಲೆಸ್ಟ್ರಾಲ್ ಹೆಚ್ಚಾಗಿರುವುದಕ್ಕೆ ಇದೇ ಕಾರಣ.

ರಕ್ತವು ಬಹುತೇಕ ನೀರು; ಎಣ್ಣೆಯಂತಹ ವಸ್ತು ಅದರಲ್ಲಿ ಹಾಗೆಯೇ ಸಾಗಲಾರದು. ಆದ್ದರಿಂದ ದೇಹವು ಕೊಲೆಸ್ಟ್ರಾಲನ್ನು ಪ್ರೋಟೀನಿನ ಹೊದಿಕೆಯುಳ್ಳ ಅತಿಸೂಕ್ಷ್ಮ ಕಣಗಳಲ್ಲಿ ತುಂಬಿ ಕಳುಹಿಸುತ್ತದೆ. ಇವೇ ಲೈಪೋಪ್ರೋಟೀನುಗಳು. ಯಕೃತ್ತಿನಿಂದ ಹೊರಟ ಸರಕನ್ನು ಅಂಗಾಂಗಗಳಿಗೆ ಒಯ್ಯುವ ಸರಣಿಯ ಕೊನೆಯ ಕಣ ಎಲ್‌ಡಿಎಲ್. ಹೆಚ್ಚಾದದ್ದನ್ನು ಮರಳಿ ಯಕೃತ್ತಿಗೆ ತರುವ ಕೆಲಸದಲ್ಲಿ ಪಾಲ್ಗೊಳ್ಳುವುದು ಎಚ್‌ಡಿಎಲ್. ಮೊದಲನೆಯದನ್ನು 'ಕೆಟ್ಟ', ಎರಡನೆಯದನ್ನು 'ಒಳ್ಳೆಯ' ಕೊಲೆಸ್ಟ್ರಾಲ್ ಎಂದು ಕರೆಯುವುದು ರೂಢಿ. ಕಣಗಳು ಬೇರೆಯಾದರೂ ಒಳಗಿರುವ ಕೊಲೆಸ್ಟ್ರಾಲ್ ಒಂದೇ.

ರಕ್ತನಾಳದ ಗೋಡೆಯೊಳಗೆ

ರಕ್ತನಾಳದಲ್ಲಿ ಕೊಬ್ಬು ಅಂಟಿಕೊಳ್ಳುವುದನ್ನು ನಲ್ಲಿಯ ಕೊಳವೆಯಲ್ಲಿ ಕಟ್ಟುವ ಪಾಚಿಗೆ ಹೋಲಿಸುವುದುಂಟು. ಹೋಲಿಕೆ ಸುಲಭ, ಆದರೆ ಸರಿಯಲ್ಲ. ಎಲ್‌ಡಿಎಲ್ ಕಣಗಳು ನಾಳದ ಒಳಮೈಗೆ ಅಂಟುವುದಿಲ್ಲ. ತೆಳುವಾದ ಒಳಪದರವನ್ನು ದಾಟಿ ಗೋಡೆಯ ಒಳಗೇ ಸೇರಿಕೊಳ್ಳುತ್ತವೆ. ಅಲ್ಲಿ ರಾಸಾಯನಿಕ ಬದಲಾವಣೆಗೆ ಒಳಗಾದ ಕಣಗಳನ್ನು ಬಿಳಿ ರಕ್ತಕಣಗಳ ವರ್ಗಕ್ಕೆ ಸೇರಿದ ಭಕ್ಷಕ ಕೋಶಗಳು ನುಂಗುತ್ತವೆ. ನುಂಗಿ ನುಂಗಿ ಉಬ್ಬಿದ ಈ ಕೋಶಗಳು ಅಲ್ಲಿಯೇ ಸಾಯುತ್ತವೆ. ಸುತ್ತಲೂ ಉರಿಯೂತ ಉಂಟಾಗುತ್ತದೆ. ಮೇಲೆ ನಾರಿನಂತಹ ಮುಚ್ಚಳವೊಂದು ಬೆಳೆಯುತ್ತದೆ. ವೈದ್ಯರು 'ಪ್ಲಾಕ್' ಎನ್ನುವುದು ಇದನ್ನೇ. ಧೂಮಪಾನ, ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ಈ ಕ್ರಿಯೆಯ ಪ್ರತಿಯೊಂದು ಹಂತವನ್ನೂ ಚುರುಕುಗೊಳಿಸುತ್ತವೆ.

ಅನೇಕ ಹೃದಯಾಘಾತಗಳು ಸಂಭವಿಸುವುದು ನಾಳ ನಿಧಾನವಾಗಿ ಪೂರ್ತಿ ಮುಚ್ಚಿಹೋಗುವುದರಿಂದಲ್ಲ. ಅಷ್ಟೇನೂ ದೊಡ್ಡದಲ್ಲದ ಪ್ಲಾಕ್ ಒಂದರ ತೆಳು ಮುಚ್ಚಳ ಹರಿದು, ಆ ಜಾಗದಲ್ಲಿ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ. ನಿನ್ನೆ ಮೆಟ್ಟಿಲು ಹತ್ತಿದಾಗ ಏನೂ ಆಗದವರಿಗೆ, ಕಳೆದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಇಂದು ಆಘಾತವಾಗಲು ಇದು ಸಾಧ್ಯವಿರುವ ವಿವರಣೆ. ಹಠಾತ್ ಎನಿಸುವ ಈ ಘಟನೆಗೆ ಇಪ್ಪತ್ತು, ಮೂವತ್ತು ವರ್ಷಗಳ ಸಿದ್ಧತೆ ಒಳಗೆ ನಡೆದಿರುತ್ತದೆ ಮತ್ತು ಆ ಅವಧಿಯಲ್ಲಿ ಕೊಲೆಸ್ಟ್ರಾಲ್ ಯಾವ ನೋವನ್ನೂ, ಸುಸ್ತನ್ನೂ, ತಲೆಸುತ್ತನ್ನೂ ಉಂಟುಮಾಡುವುದಿಲ್ಲ. 'ನನಗೇನೂ ತೊಂದರೆಯಿಲ್ಲವಲ್ಲ' ಎಂಬ ಮಾತಿಗೆ ಈ ರೋಗದಲ್ಲಿ ಅರ್ಥವಿಲ್ಲ.

ಅಂಕಿಯಷ್ಟೇ ಅಲ್ಲದೆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದು ತಿಳಿದುಬಂದದ್ದು ಆನುವಂಶಿಕ ಸಂಶೋಧನೆಗಳಿಂದ. ಅಮೆರಿಕದ ಟೆಕ್ಸಾಸಿನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತಕ್ಕೆ ಒಳಗಾಗುವ ಕೆಲವು ಕುಟುಂಬಗಳಲ್ಲಿ ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಸೆಳೆದುಕೊಳ್ಳುವ ಗ್ರಾಹಕಗಳೇ ದೋಷಪೂರಿತವಾಗಿರುವುದನ್ನು ಪತ್ತೆಹಚ್ಚಿದರು. ಇದಕ್ಕಾಗಿ ಅವರಿಗೆ 1985ರ ನೊಬೆಲ್ ಪ್ರಶಸ್ತಿ ಸಂದಿತು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ 2006ರಲ್ಲಿ ಪ್ರಕಟವಾಯಿತು. ಪಿಸಿಎಸ್‌ಕೆ9 ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ಒಂದು ಬದಲಾವಣೆ ಇದ್ದ ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಎಲ್‌ಡಿಎಲ್ ಪ್ರಮಾಣ ಇತರರಿಗಿಂತ ಶೇ. 28ರಷ್ಟು ಕಡಿಮೆ ಇತ್ತು. ಹೃದಯದ ರಕ್ತನಾಳದ ಕಾಯಿಲೆಯ ಸಂಭವ ಮಾತ್ರ ಶೇ. 88ರಷ್ಟು ಕಡಿಮೆ. ನಡುವಯಸ್ಸಿನಲ್ಲಿ ಮಾತ್ರೆ ನುಂಗಿ ಅಷ್ಟೇ ಇಳಿಸಿದರೆ ಸಿಗುವ ಪ್ರಯೋಜನಕ್ಕಿಂತ ಇದು ಬಹಳ ಹೆಚ್ಚು. ಜೀವನವಿಡೀ ಸ್ವಲ್ಪ ಕಡಿಮೆ ಇರುವುದು, ಕೊನೆಯಲ್ಲಿ ಒಮ್ಮೆಲೇ ಬಹಳ ಇಳಿಸುವುದಕ್ಕಿಂತ ಮೇಲು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗುವುದು ಕಷ್ಟ.

ಹಾಳೆಯಲ್ಲಿರುವ ಸಾಲುಗಳು

ಈಗ ವರದಿಗೆ ಬರೋಣ. ಸಾಮಾನ್ಯವಾಗಿ ಮೊದಲ ಸಾಲಿನಲ್ಲಿರುವುದು 'ಒಟ್ಟು ಕೊಲೆಸ್ಟ್ರಾಲ್'. ಅದರ ಎದುರಿಗೆ '200ಕ್ಕಿಂತ ಕಡಿಮೆ' ಎಂಬ ಮಿತಿ. ಅತಿ ಹೆಚ್ಚು ಜನ ನೋಡುವುದು ಇದನ್ನೇ. ಅತಿ ಕಡಿಮೆ ಮಾಹಿತಿ ಕೊಡುವುದೂ ಇದೇ. ಒಂದು ಉದಾಹರಣೆ ನೋಡಿ. 45 ವರ್ಷದ ಮಧುಮೇಹಿಯೊಬ್ಬರ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 210 ಇದೆ ಎಂದುಕೊಳ್ಳೋಣ (ಎಲ್ಲವೂ 100 ಮಿ.ಲೀ. ರಕ್ತದಲ್ಲಿ ಮಿಲಿಗ್ರಾಂ ಲೆಕ್ಕ). ಒಟ್ಟು 200ರ ಒಳಗಿರುವುದರಿಂದ ಅವರು ನಿಶ್ಚಿಂತರಾಗುತ್ತಾರೆ. ಆದರೆ ಒಟ್ಟಿನಿಂದ ಎಚ್‌ಡಿಎಲ್ ಕಳೆದರೆ 158 ಉಳಿಯುತ್ತದೆ. ರಕ್ತನಾಳಕ್ಕೆ ಹಾನಿ ಮಾಡಬಲ್ಲ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಅಡಕವಾಗಿದೆ. ಇದಕ್ಕೆ 'ನಾನ್-ಎಚ್‌ಡಿಎಲ್' ಎಂದು ಹೆಸರು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮಧುಮೇಹಿಗಳಂತಹ ಹೆಚ್ಚಿನ ಅಪಾಯದವರಲ್ಲಿ ಇದು 100ಕ್ಕಿಂತ ಕಡಿಮೆ ಇರಬೇಕು. ಅಂದರೆ 'ನಾರ್ಮಲ್' ಎನಿಸಿಕೊಂಡ ಈ ವರದಿಯು ವಾಸ್ತವವಾಗಿ ಚಿಕಿತ್ಸೆಯನ್ನು ಬೇಡುತ್ತಿದೆ.

ಕಾಲ್ಪನಿಕವಾದರೂ ಈ ಉದಾಹರಣೆ ಅಪರೂಪದ್ದಲ್ಲ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 13.9ರಷ್ಟು ಮಾತ್ರ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5. ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3! ಮೊದಲ ಸಾಲನ್ನು ಮಾತ್ರ ನೋಡುವ ಅಭ್ಯಾಸ ನಮ್ಮ ದೇಶದವರಿಗೆ ಏಕೆ ಹೊಂದುವುದಿಲ್ಲ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಎಲ್‌ಡಿಎಲ್ ಸಾಲಿನ ಮುಂದೆ ಕೆಲವು ವರದಿಗಳಲ್ಲಿ 'ಲೆಕ್ಕಹಾಕಿದ್ದು' ಎಂಬ ಸೂಚನೆ ಇರುತ್ತದೆ. ಅನೇಕ ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ, ಒಟ್ಟಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವ 1972ರ ಸೂತ್ರವೊಂದನ್ನು ಬಳಸುತ್ತವೆ. ಮೇಲಿನ ಉದಾಹರಣೆಯಲ್ಲಿ ಅದು 116. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬಾರದು.

ಹಾಗಾದರೆ ಎಲ್‌ಡಿಎಲ್ ಎಷ್ಟಿರಬೇಕು? ಇಲ್ಲಿಯೇ ವರದಿಯ ಬಲಬದಿಯ ಅಚ್ಚು ದಾರಿ ತಪ್ಪಿಸುವುದು. ಮೇಲೆ ಹೇಳಿದ 2024ರ ಮಾರ್ಗಸೂಚಿಯ ಪ್ರಕಾರ ಸಾಧಾರಣ ಅಪಾಯದ ವ್ಯಕ್ತಿಗಳಲ್ಲಿ ಅದು 100ಕ್ಕಿಂತ, ಮಧುಮೇಹ ಅಥವಾ ಅಧಿಕ ರಕ್ತದೊತ್ತಡದಂತಹ ಕಾರಣಗಳಿಂದ ಹೆಚ್ಚಿನ ಅಪಾಯದಲ್ಲಿ ಇರುವವರಲ್ಲಿ 70ಕ್ಕಿಂತ, ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ 55ಕ್ಕಿಂತ ಕಡಿಮೆ ಇರಬೇಕು. ಸ್ಟೆಂಟ್ ಹಾಕಿಸಿಕೊಂಡವರೊಬ್ಬರ ಎಲ್‌ಡಿಎಲ್ 95 ಬಂದಿದ್ದರೆ ಪ್ರಯೋಗಾಲಯದ ಹಾಳೆ ಅದನ್ನು ಸಾಮಾನ್ಯವೆಂದೇ ತೋರಿಸುತ್ತದೆ. ಅವರ ಪಾಲಿಗೆ ಅದು ಗುರಿಗಿಂತ 40 ಅಂಕಿ ಮೇಲೆ.

ಎಚ್‌ಡಿಎಲ್ ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತಾರೆ. ಅದು ಅಪಾಯದ ಸೂಚಕವೇನೋ ಹೌದು. ಆದರೆ ಔಷಧದಿಂದ ಅದನ್ನು ಏರಿಸಿದರೆ ಹೃದಯಕ್ಕೆ ಲಾಭವಾದೀತೆಂಬ ನಿರೀಕ್ಷೆ ಹುಸಿಯಾಯಿತು. ಟಾರ್ಸೆಟ್ರಾಪಿಬ್ ಎಂಬ ಔಷಧದ ಬೃಹತ್ ಪ್ರಯೋಗವನ್ನು ಸಾವುಗಳು ಹೆಚ್ಚಿದ್ದರಿಂದ 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದ್ದರಿಂದ 'ಒಳ್ಳೆಯ ಕೊಲೆಸ್ಟ್ರಾಲ್ ಹೆಚ್ಚಿಸುವ' ಪುಡಿ, ಕಷಾಯಗಳ ಜಾಹೀರಾತಿಗೆ ಹಣ ಸುರಿಯಬೇಕಾಗಿಲ್ಲ. ಟ್ರೈಗ್ಲಿಸರೈಡ್ 150ರೊಳಗಿರುವುದು ಒಳ್ಳೆಯದು. 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವೂ ಇರುವುದರಿಂದ ತಡಮಾಡದೆ ವೈದ್ಯರನ್ನು ಕಾಣಬೇಕು.

ರಾತ್ರಿಯಿಡೀ ಉಪವಾಸವಿದ್ದು ಬೆಳಗ್ಗೆ ರಕ್ತ ಕೊಡಬೇಕೆಂಬ ನಿಯಮವೂ ಸಡಿಲವಾಗಿದೆ. ಸಾಮಾನ್ಯ ತಪಾಸಣೆಗೆ ಊಟದ ನಂತರದ ರಕ್ತವೂ ಆಗುತ್ತದೆ; ಟ್ರೈಗ್ಲಿಸರೈಡ್ ಬಹಳ ಹೆಚ್ಚು ಬಂದರೆ ಮಾತ್ರ ಉಪವಾಸದ ಮರುಪರೀಕ್ಷೆ ಬೇಕು. ಕೊಲೆಸ್ಟ್ರಾಲ್ ಅನಿರೀಕ್ಷಿತವಾಗಿ ಏರಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು. ಥೈರಾಯ್ಡ್ ಗ್ರಂಥಿ ಮಂದವಾದರೆ ಎಲ್‌ಡಿಎಲ್ ಏರುತ್ತದೆ, ಮತ್ತು ಆ ಕೊರತೆಯನ್ನು ಸರಿಪಡಿಸಿದರೆ ಬಹಳಷ್ಟು ತಾನಾಗಿ ಇಳಿಯುತ್ತದೆ.

ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಊಟದ ದೋಷವಲ್ಲದೆ ವಂಶವಾಹಿಯ ದೋಷವಾಗಿರುವ ಸಾಧ್ಯತೆ ಇದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ವಿವರಿಸಿದ ಈ ದೋಷದ ಸೌಮ್ಯ ರೂಪ ಜಗತ್ತಿನಲ್ಲಿ ಸುಮಾರು 250ರಿಂದ 300 ಮಂದಿಗೆ ಒಬ್ಬರಲ್ಲಿ ಇರುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗುವುದು, ಎಳೆ ವಯಸ್ಸಿನಲ್ಲೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆ ಮೂಡುವುದು ಇದರ ಕುರುಹುಗಳು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹೀಗಾಗಿ ಇಲ್ಲಿ ಒಬ್ಬರ ವರದಿ ಇಡೀ ಮನೆಯವರ ವರದಿ. ಮಕ್ಕಳ ರಕ್ತವನ್ನೂ ಪರೀಕ್ಷಿಸಬೇಕು. ಇತರರಿಗೆ ಮೊದಲ ಪರೀಕ್ಷೆ 18ನೇ ವಯಸ್ಸಿನಲ್ಲೇ ಆಗಲಿ ಎನ್ನುತ್ತದೆ ಮಾರ್ಗಸೂಚಿ. ನಲವತ್ತಾದ ಮೇಲೆ ನೋಡೋಣ ಎನ್ನುವ ನಮ್ಮ ಪದ್ಧತಿಗೆ ಇದು ಬಹಳ ದೂರ.

ತಟ್ಟೆಯಲ್ಲಿ ಏನಿದೆ?

ಮೊಟ್ಟೆಯ ಮೇಲಿನ ಆರೋಪ ಹಳೆಯದು. ದೊಡ್ಡ ಮೊಟ್ಟೆಯೊಂದರಲ್ಲಿ ಸುಮಾರು 186 ಮಿ.ಗ್ರಾಂ ಕೊಲೆಸ್ಟ್ರಾಲ್ ಇರುವುದು ನಿಜ. ಆದರೆ ನಾವು ತಿನ್ನುವ ಕೊಲೆಸ್ಟ್ರಾಲಿಗಿಂತ ಸಂತೃಪ್ತ ಕೊಬ್ಬು ರಕ್ತದ ಎಲ್‌ಡಿಎಲ್ ಅನ್ನು ಹೆಚ್ಚು ಏರಿಸುತ್ತದೆ. ದಿನಕ್ಕೆ 300 ಮಿ.ಗ್ರಾಂ ಎಂಬ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ ಕೈಬಿಟ್ಟದ್ದು 2015ರ ಆವೃತ್ತಿಯಲ್ಲಿ. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಆತಂಕದ ವಿಷಯವಲ್ಲ; ಮಧುಮೇಹಿಗಳು ತಮ್ಮ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಅಂಗಡಿಯ ಎಣ್ಣೆ ಪೊಟ್ಟಣದ ಮೇಲಿನ 'ಕೊಲೆಸ್ಟ್ರಾಲ್ ರಹಿತ' ಎಂಬ ದಪ್ಪಕ್ಷರದ ಘೋಷಣೆ ಈ ಲೇಖಕನಿಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಕೊಲೆಸ್ಟ್ರಾಲ್ ಪ್ರಾಣಿಜನ್ಯ ವಸ್ತು. ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಅದು ಗಣನೀಯವಾಗಿ ಇರುವುದಿಲ್ಲ. ವನಸ್ಪತಿಯೂ ಕೊಲೆಸ್ಟ್ರಾಲ್ ರಹಿತವೇ! ನೋಡಬೇಕಾದದ್ದು ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು. ಕೊಬ್ಬರಿ ಎಣ್ಣೆಯಲ್ಲಿ ಶೇ. 80ಕ್ಕಿಂತ ಹೆಚ್ಚು, ತುಪ್ಪದಲ್ಲಿ ಶೇ. 60ರ ಆಸುಪಾಸು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸಂತೃಪ್ತ ಕೊಬ್ಬು ಇದೆ. ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಭಾಗದಷ್ಟು. ಕರಾವಳಿಯವರ ತೆಂಗಿನ ಮೇಲಿನ ಅಭಿಮಾನಕ್ಕೆ ನೋವಾಗದಿರಲಿ. ಸಾರಿಗೆ ರುಬ್ಬಿದ ಕಾಯಿಗೂ ದಿನವಿಡೀ ಕರಿಯಲು ಬಳಸುವ ಎಣ್ಣೆಗೂ ವ್ಯತ್ಯಾಸವಿದೆ. ತಾಳೆ ಎಣ್ಣೆಯನ್ನು ನಾವು ಮನೆಗೆ ತರದಿದ್ದರೂ ಬಿಸ್ಕತ್ತು, ಪಫ್, ಚಿಪ್ಸ್‌ಗಳ ಮೂಲಕ ಅದು ಬರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು.

ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವ ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆ ಆಗಿದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇ. 2ನ್ನು ಮೀರಬಾರದೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಒಂದೇ ಎಣ್ಣೆಯನ್ನು ಬಾಂಡಲೆಯಲ್ಲಿ ಮತ್ತೆ ಮತ್ತೆ ಕಾಯಿಸಿ ಬೋಂಡಾ ಕರಿಯುವ ಕಡೆ ಯಾವ ಲೇಬಲ್ಲೂ ಇರುವುದಿಲ್ಲ.

ನಮ್ಮವರ ಟ್ರೈಗ್ಲಿಸರೈಡ್ ಏರಿಕೆಗೆ ಮಾತ್ರ ಎಣ್ಣೆಗಿಂತ ದೊಡ್ಡ ಕಾರಣ ಬಿಳಿ ಅನ್ನ, ಮೈದಾ, ಸಕ್ಕರೆ ಮತ್ತು ಮದ್ಯ, ಜೊತೆಗೆ ಕುಳಿತಲ್ಲೇ ಕುಳಿತಿರುವ ಬದುಕು. ಅನ್ನದ ರಾಶಿ ಸಣ್ಣದಾಗಿ ಕಾಳು, ಪಲ್ಯ, ಸೊಪ್ಪಿನ ಪಾಲು ದೊಡ್ಡದಾದರೆ ಕೆಲವೇ ವಾರಗಳಲ್ಲಿ ಟ್ರೈಗ್ಲಿಸರೈಡ್ ಇಳಿಯುವುದನ್ನು ಕಾಣಬಹುದು. ಎಲ್‌ಡಿಎಲ್ ಇಷ್ಟು ವಿಧೇಯವಲ್ಲ. ಕಟ್ಟುನಿಟ್ಟಿನ ಪಥ್ಯದಿಂದಲೂ ಅದು ಹೆಚ್ಚಿನವರಲ್ಲಿ ಶೇ. 10-15ರಷ್ಟು ಇಳಿದೀತು. 160 ಇದ್ದವರನ್ನು ಪಥ್ಯವೊಂದೇ 55ಕ್ಕೆ ತಾರದು.

ಬೂಷ್ಟಿನಿಂದ ಬಂದ ಮಾತ್ರೆ

ಜಪಾನಿನ ವಿಜ್ಞಾನಿ ಅಕಿರಾ ಎಂಡೋ ಅವರು ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುವ ವಸ್ತುವನ್ನು ಹುಡುಕುತ್ತಾ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿದರು. ಕೊನೆಗೆ 1973ರಲ್ಲಿ, ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ದೊರೆಯಿತು. ಈ ವರ್ಗದ ಔಷಧ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಆಗಲೂ ಅನುಮಾನಗಳಿದ್ದವು: ಅಂಕಿ ಇಳಿಯುತ್ತದೆ ಸರಿ, ಆಯುಷ್ಯ ಹೆಚ್ಚುತ್ತದೆಯೇ? 1994ರಲ್ಲಿ ಸ್ಕ್ಯಾಂಡಿನೇವಿಯಾ ದೇಶಗಳ 4444 ಹೃದ್ರೋಗಿಗಳ ಮೇಲಿನ ಅಧ್ಯಯನ ಉತ್ತರ ಕೊಟ್ಟಿತು. ಸ್ಟ್ಯಾಟಿನ್ ಸೇವಿಸಿದವರಲ್ಲಿ ಒಟ್ಟು ಸಾವುಗಳು ಶೇ. 30ರಷ್ಟು ಕಡಿಮೆಯಾಗಿದ್ದವು. ಎಂಡೋ ಅವರು 2024ರಲ್ಲಿ ತೀರಿಕೊಂಡರು. ನೊಬೆಲ್ ಅವರಿಗೆ ಬರಲಿಲ್ಲ.

ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿವೆ. ಪ್ರಮಾಣವನ್ನು ಇಮ್ಮಡಿಗೊಳಿಸಿದರೆ ಪರಿಣಾಮ ಇಮ್ಮಡಿಯಾಗದು. ಎಲ್‌ಡಿಎಲ್ ಸುಮಾರು ಶೇ. 6ರಷ್ಟು ಮಾತ್ರ ಹೆಚ್ಚುವರಿಯಾಗಿ ಇಳಿಯುತ್ತದೆ. ಆದ್ದರಿಂದ ಗುರಿ ತಲುಪದಿದ್ದಾಗ ಕರುಳಿನಲ್ಲಿ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಸೇರಿಸುವುದು ರೂಢಿ. ಅದೂ ಸಾಲದಿದ್ದರೆ ಪಿಸಿಎಸ್‌ಕೆ9 ಅನ್ನು ತಡೆಯುವ ಚುಚ್ಚುಮದ್ದುಗಳಿವೆ, ಬೆಲೆ ದುಬಾರಿ.

ಸ್ಟ್ಯಾಟಿನ್ ಬಗ್ಗೆ ಇರುವ ಭಯಗಳು ಪೂರ್ತಿ ನಿರಾಧಾರವಲ್ಲ. ಮಧುಮೇಹದ ಅಂಚಿನಲ್ಲಿರುವವರಲ್ಲಿ ಸಕ್ಕರೆ ತುಸು ಏರಬಹುದು. ಕೆಲವರಿಗೆ ಸ್ನಾಯುನೋವು ಬರುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಕುತೂಹಲಕರ ಪ್ರಯೋಗವೊಂದನ್ನು ಗಮನಿಸಬೇಕು. ತೊಂದರೆಯಿಂದಾಗಿ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿಮಾತ್ರೆ, ಕೆಲವು ತಿಂಗಳು ಏನೂ ಕೊಡದೆ ನೋಡಲಾಯಿತು. ಯಾವುದು ಯಾವಾಗ ಎಂಬುದು ಮಾತ್ರೆ ನುಂಗುವವರಿಗೆ ತಿಳಿದಿರಲಿಲ್ಲ. ಸ್ಟ್ಯಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿಮಾತ್ರೆಯ ತಿಂಗಳುಗಳಲ್ಲಿಯೂ ಕಂಡಿತು. ನೋವು ಸುಳ್ಳಲ್ಲ; ಅದರ ಬಹುಪಾಲು ಮಾತ್ರೆಯೊಳಗಿನ ಔಷಧದಿಂದ ಬಂದದ್ದಲ್ಲ ಎಂಬುದಷ್ಟೇ ಇದರ ಅರ್ಥ. ನೋವಿದ್ದರೆ ವೈದ್ಯರು ಬೇರೆ ಸ್ಟ್ಯಾಟಿನ್ ಅಥವಾ ಕಡಿಮೆ ಪ್ರಮಾಣ ಪ್ರಯತ್ನಿಸುತ್ತಾರೆ.

ನಮ್ಮಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪು ಬೇರೆಯದು. ಮೂರು ತಿಂಗಳು ಮಾತ್ರೆ ನುಂಗಿ, ವರದಿ 'ನಾರ್ಮಲ್' ಬಂದೊಡನೆ ವಾಸಿಯಾಯಿತೆಂದು ನಿಲ್ಲಿಸುವುದು. ಜ್ವರದ ಮಾತ್ರೆಯಂತೆ ಇದು ರೋಗವನ್ನು ಮುಗಿಸುವುದಿಲ್ಲ; ನುಂಗಿದಷ್ಟು ದಿನ ಯಕೃತ್ತಿನ ತಯಾರಿಕೆಯನ್ನು ತಗ್ಗಿಸಿರುತ್ತದೆ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿದ್ದಲ್ಲಿಗೆ ಮರಳುತ್ತದೆ. ವರದಿ ಚೆನ್ನಾಗಿ ಬಂದದ್ದು ಮಾತ್ರೆಯಿಂದಲೇ. ಹೃದಯಾಘಾತವಾಗಿ ಬದುಕುಳಿದವರು ಹೀಗೆ ತಾವಾಗಿ ನಿಲ್ಲಿಸುವುದು ನಿಜಕ್ಕೂ ಪ್ರಾಣಕ್ಕೆ ಎರವಾಗಬಲ್ಲದು. ಬೇರೆ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದಾಗ, ಊರಿಗೆ ಹೋದಾಗ ಮಾತ್ರೆಯ ಸರಪಳಿ ತುಂಡಾಗಿ ಮತ್ತೆ ಶುರುವಾಗದೇ ಹೋಗುವುದೂ ಉಂಟು.

ಒಂದು ಸಣ್ಣ ಸೂಚನೆ: ಗ್ರೇಪ್‌ಫ್ರೂಟ್ ರಸವು ಅಟೊರ್ವಾಸ್ಟ್ಯಾಟಿನ್ ಮತ್ತು ಸಿಮ್ವಾಸ್ಟ್ಯಾಟಿನ್ ರಕ್ತದಲ್ಲಿ ಅತಿಯಾಗಿ ಸೇರುವಂತೆ ಮಾಡುತ್ತದೆ. ಇದು ದ್ರಾಕ್ಷಿಯಲ್ಲ, ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿ. ನಮ್ಮ ದೇವನಹಳ್ಳಿ ಚಕ್ಕೋತದ ಜಾತಿಯಲ್ಲಿಯೂ ಅದೇ ವರ್ಗದ ಸಂಯುಕ್ತಗಳಿರುವುದರಿಂದ, ಪ್ರತಿದಿನ ತಿನ್ನುವವರು ವೈದ್ಯರಿಗೆ ತಿಳಿಸುವುದು ಒಳಿತು.

ಮಾತ್ರೆ ಆರಂಭಿಸಿದ ಅಥವಾ ಬದಲಿಸಿದ 4ರಿಂದ 12 ವಾರಗಳಲ್ಲಿ ಮರುಪರೀಕ್ಷೆ ಮಾಡಿಸಿ, ಹಳೆಯ ವರದಿಯನ್ನೂ ಜೊತೆಗಿಟ್ಟುಕೊಂಡು ವೈದ್ಯರನ್ನು ಕಾಣಬೇಕು. ಬ್ರಿಟನ್, ಕೆನಡಾ ಅಥವಾ ಆಸ್ಟ್ರೇಲಿಯಾದಲ್ಲಿರುವ ಮಕ್ಕಳ ಬಳಿಗೆ ಹೋಗಿ ಅಲ್ಲಿ ಪರೀಕ್ಷೆ ಮಾಡಿಸಿಕೊಂಡ ಹಿರಿಯರು '2.6' ಎಂಬಂತಹ ಅಂಕಿ ಕಂಡು ಗೊಂದಲಕ್ಕೆ ಒಳಗಾಗುವುದಿದೆ. ಆ ದೇಶಗಳ ಅಳತೆ ಲೀಟರಿಗೆ ಮಿಲಿಮೋಲ್. ಅದನ್ನು 38.7ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. ಅಲ್ಲಿಯ 2.6 ಇಲ್ಲಿಯ 100, ಅಲ್ಲಿಯ 1.8 ಇಲ್ಲಿಯ 70, ಅಲ್ಲಿಯ 1.4 ಇಲ್ಲಿಯ 55ರ ಸಮೀಪ. ಟ್ರೈಗ್ಲಿಸರೈಡಿಗೆ ಮಾತ್ರ ಗುಣಕ ಬೇರೆ, ಸುಮಾರು 89.